ಗುಳಿಗೆ ಕೊಡೋ ಜಾಗದಲ್ಲೇ ಮನೆಯವರ ಗುಂಪೂ ಬೇಕು

ಇದನ್ನು ಬರೆಯಲೋ ಬೇಡವೋ ಅಂತ ಆರು ತಿಂಗಳಿಂದ ಯೋಚಿಸುತ್ತಿದ್ದೆ. ಕೊನೆಗೆ ಅಣ್ಣನನ್ನೇ ಕೇಳಿದೆ. "ನನ್ನ ಹೆಸರು ಹಾಕಬ್ಯಾಡ, ಉಳಿದದ್ದು ಬರಿ" ಅಂದ. ಹಾಗಾಗಿ ಬರೆಯುತ್ತಿದ್ದೇನೆ.

ನನ್ನ ಅಣ್ಣನಿಗೆ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇದೆ. ಹದಿನೇಳು ವರ್ಷ ಆಯ್ತು. ನಾವು ಬನಹಟ್ಟಿಯವರು, ಮನೆಯಲ್ಲೇ ನಾಲ್ಕು ಪವರ್‌ಲೂಮ್ ಮಗ್ಗ ಇದ್ದವು. ಇಪ್ಪತ್ತೊಂದನೇ ವಯಸ್ಸಿನಲ್ಲಿ ಅವನು ಒಂದು ದಿನ ಮಗ್ಗ ಬಂದ್ ಮಾಡಿ ಹೊರಗೆ ಬಂದು, ಮಗ್ಗದ ಸದ್ದಿನಲ್ಲಿ ಯಾರೋ ತನ್ನ ಹೆಸರು ಹಿಡಿದು ಬೈಯುತ್ತಿದ್ದಾರೆ ಅಂದ. ನಾವು ನಕ್ಕೆವು. ನಾಲ್ಕು ಮಗ್ಗ ಓಡುವಾಗ ಎದುರಿಗೆ ನಿಂತವರ ಮಾತೇ ಕೇಳಿಸೋದಿಲ್ಲ, ಇವನಿಗೆ ಯಾರ ಬೈಗುಳ ಕೇಳಿಸ್ತದೆ ಅಂತ. ಆಮೇಲೆ ಕರೆಂಟ್ ಹೋಗಿ ಇಡೀ ಓಣಿಯ ಮಗ್ಗಗಳು ನಿಂತಾಗಲೂ ಅವನು ಎರಡೂ ಕಿವಿ ಮುಚ್ಚಿಕೊಂಡು ಕೂತಿರುವುದನ್ನು ನೋಡಿದೆವು. ಅವತ್ತಿನಿಂದ ಮನೆಯಲ್ಲಿ ಯಾರೂ ನಗಲಿಲ್ಲ.

ಮೂರು ವರ್ಷ ಗುಡಿ, ದರ್ಗಾ, ತಾಯತ. ಅದನ್ನೆಲ್ಲ ಬಿಡಿಸಿ ಹೇಳುವುದಿಲ್ಲ, ನಮ್ಮ ಕಡೆ ಸುಮಾರು ಮನೆಗಳಲ್ಲಿ ಅದು ಗೊತ್ತಿರುವ ಕಥೆ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋದ ಮೇಲೆ ಜಡ್ಡಿಗೆ ಒಂದು ಹೆಸರು ಸಿಕ್ಕಿತು. ಗುಳಿಗೆ ಶುರುವಾಯಿತು. ಎರಡು ಮೂರು ತಿಂಗಳಲ್ಲಿ ಧ್ವನಿಗಳು ಕಡಿಮೆಯಾದವು. ನಾವು ಗೆದ್ದೆವು ಅಂದುಕೊಂಡೆವು. ಆದರೆ ಅದರ ನಂತರದ ಹತ್ತು ವರ್ಷ ನಮ್ಮ ಹತ್ತಿರ ಗುಳಿಗೆ ಬಿಟ್ಟು ಬೇರೆ ಏನೂ ಇರಲಿಲ್ಲ. ಅವನ ಜೊತೆ ಹೇಗೆ ಮಾತಾಡಬೇಕು, ಊಟ ಬಿಟ್ಟರೆ ಏನು ಮಾಡಬೇಕು, ಗುಳಿಗೆ ಒಲ್ಲೆ ಅಂದರೆ ಏನು ಮಾಡಬೇಕು, ಓಣಿಯವರಿಗೆ ಏನು ಹೇಳಬೇಕು, ಇದ್ಯಾವುದನ್ನೂ ನಮಗೆ ಯಾರೂ ಹೇಳಲಿಲ್ಲ. ಹೇಳಲು ಡಾಕ್ಟರಿಗೆ ಪುರುಸೊತ್ತಾದರೂ ಎಲ್ಲಿದೆ? ಹೊರಗೆ ಅರವತ್ತು ಜನ ಕಾಯುತ್ತಿರುತ್ತಾರೆ.

ನಾನು ಹೇಳಬೇಕಾದ ಮಾತು ಇದು. ಮಾನಸಿಕ ಕಾಯಿಲೆಯ ಗುಳಿಗೆ ಎಲ್ಲೆಲ್ಲಿ ಕೊಡುತ್ತಾರೋ ಅಲ್ಲೆಲ್ಲ, ಅದೇ ದಿನ, ಅದೇ ಆವರಣದಲ್ಲಿ, ಮನೆಯವರು ಕೂತು ಮಾತಾಡುವ ಒಂದು ಗುಂಪು ಇರಬೇಕು. ಊರೂರಿಂದ ಬಂದವರು ಹೇಗೂ ಅಲ್ಲಿ ಎರಡು ಮೂರು ತಾಸು ಕೂತೇ ಇರುತ್ತಾರೆ. ಒಬ್ಬರ ಮುಖ ಒಬ್ಬರು ನೋಡದೆ ಕೂತಿರುತ್ತಾರೆ, ಅಷ್ಟೇ.

ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ. ಮಾನಸಿಕ ರೋಗದ ಡಾಕ್ಟರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುತ್ತಾರೆ. ನಾನು ಹೋಗುವ ಆಸ್ಪತ್ರೆಯಲ್ಲಿ ತಿಂಗಳಿಗೆ ಒಂದು ಮಂಗಳವಾರ. ಆ ಮಂಗಳವಾರದ ಬೆಂಚನ್ನು ನೋಡಿದವರಿಗೆ ಗೊತ್ತು. ಹೆಣ್ಣುಮಕ್ಕಳು ಸೆರಗು ಮುಂದಕ್ಕೆ ಎಳೆದುಕೊಂಡಿರುತ್ತಾರೆ. ಗಂಡಸರು ಗೇಟಿನ ಹೊರಗೆ ಚಹಾ ಅಂಗಡಿಯಲ್ಲಿ ನಿಂತು, ನಂಬರ್ ಬಂದಾಗ ಮಾತ್ರ ಒಳಗೆ ಬರುತ್ತಾರೆ. ಎಷ್ಟೋ ಜನ ತಮ್ಮ ತಾಲೂಕು ಬಿಟ್ಟು ಪಕ್ಕದ ತಾಲೂಕಿಗೆ ಬರುತ್ತಾರೆ, ಗುರುತಿನವರು ಸಿಗಬಾರದು ಅಂತ. ನಮ್ಮ ಊರಿನವರು ಜಮಖಂಡಿಗೆ, ಜಮಖಂಡಿಯವರು ನಮ್ಮ ಕಡೆಗೆ. ನಾನೂ ಹಾಗೇ ಮಾಡಿದವನು.

ನಾಲ್ಕು ವರ್ಷದ ಹಿಂದೆ ಅಂಥ ಒಂದು ಮಂಗಳವಾರ ನನ್ನ ಪಕ್ಕ ಒಬ್ಬ ಆಯಿ ಕೂತಿದ್ದಳು. ತೇರದಾಳ ಕಡೆಯವಳು, ಅರವತ್ತೈದು ದಾಟಿರಬೇಕು. ಅವಳ ಮಗ ಗೋಡೆ ಕಡೆ ಮುಖ ಮಾಡಿ ನಿಂತಿದ್ದ. ಸುಮಾರು ಹೊತ್ತು ಸುಮ್ನೆ ಇದ್ದು, ನನ್ನ ಕಡೆ ತಿರುಗದೇ ಕೇಳಿದಳು: "ನಿಮ್ಮಣ್ಣಗ ರಾತ್ರಿ ನಿದ್ದಿ ಹತ್ತತೈತೇನಪಾ?"

ಹದಿಮೂರು ವರ್ಷದಲ್ಲಿ ಜನ ನನ್ನನ್ನು ಏನೇನೋ ಕೇಳಿದ್ದರು. ಹೊಡಿತಾನೇನು, ಲಗ್ನ ಆಗೇತೇನು, ಯಾರಾದರೂ ಮಾಟ ಮಾಡಿಸ್ಯಾರೇನು. ನಿದ್ದೆಯ ಬಗ್ಗೆ ಯಾರೂ ಕೇಳಿರಲಿಲ್ಲ. ನಿದ್ದೆ ಎರಡು ರಾತ್ರಿ ತಪ್ಪಿದರೆ ಮೂರನೇ ದಿನ ಏನಾಗುತ್ತದೆ ಅಂತ ಗೊತ್ತಿದ್ದವರು ಮಾತ್ರ ಕೇಳುವ ಪ್ರಶ್ನೆ ಅದು. ನನಗೆ ಗಂಟಲು ಕಟ್ಟಿತು. ಉತ್ತರ ಹೇಳುವಷ್ಟರಲ್ಲಿ ಆಕಡೆ ಕೂತಿದ್ದ ಇನ್ನೊಬ್ಬಾಕೆ, "ನಮ್ಮಾಂವ ಹಗಲೆಲ್ಲಾ ಮಲಗ್ತಾನ, ರಾತ್ರಿ ಅಡ್ಡಾಡ್ತಾನ ನೋಡ್ರಿ" ಅಂದಳು. ಮೂರು ಜನ ಆದೆವು. ಮುಂದಿನ ತಿಂಗಳು ಏಳು ಜನ. ಆಸ್ಪತ್ರೆಯ ಹಿಂದಿನ ಬೇವಿನ ಗಿಡದ ಕೆಳಗೆ ಕೂಡತೊಡಗಿದೆವು, ಚೀಟಿ ಮಾಡಿಸಿಟ್ಟು, ನಂಬರ್ ಬರುವ ತನಕ.

ಅಲ್ಲಿ ನಾನು ಕಲಿತದ್ದರಲ್ಲಿ ಒಂದನ್ನು ಸ್ವಲ್ಪ ಜಾಸ್ತಿಯೇ ಹೇಳಬೇಕು. ಯಾಕಂದರೆ ಈ ತಪ್ಪು ಪ್ರತಿ ಮನೆಯಲ್ಲೂ ಆಗುತ್ತಿದೆ. ಧ್ವನಿಗಳು ನಿಂತ ಮೇಲೆ ಅಣ್ಣ ಮಲಗಿಬಿಟ್ಟ. ಸ್ನಾನ ಇಲ್ಲ, ಮಾತಿಲ್ಲ, ಮಗ್ಗದ ಕಡೆ ಹೋಗುವುದಿಲ್ಲ. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಆಗ ನೂಲಿನ ದರ ಏರಿ ಮಗ್ಗದ ಕೆಲಸ ಕುಸಿದಿತ್ತು, ಎರಡು ಮಗ್ಗ ಮಾರಿದ್ದೆವು, ನಾನು ಇನ್ನೊಬ್ಬರ ನೂಲಿನ ಅಂಗಡಿಯಲ್ಲಿ ಲೆಕ್ಕ ಬರೆಯಲು ಹೋಗುತ್ತಿದ್ದೆ. ಸಂಜೆ ದಣಿದು ಬಂದಾಗ ಅವನು ಬೆಳಿಗ್ಗೆ ಮಲಗಿದ್ದಲ್ಲೇ ಮಲಗಿರುತ್ತಿದ್ದ. ನಾನು ಬೈಯುತ್ತಿದ್ದೆ. ದಿನಾ ಬೈಯುತ್ತಿದ್ದೆ. ಜಡ್ಡು ಹೋಗೇತಿ, ಈಗ ಮೈಗಳ್ಳತನ ಮಾಡ್ತಾನ ಅಂತ ಮನೆ ಮಂದಿಯೆಲ್ಲ ನಂಬಿದ್ದೆವು. ಆ ಗಿಡದ ಕೆಳಗೆ ಒಬ್ಬ ನಿವೃತ್ತ ಮಾಸ್ತರರು ತಮ್ಮ ಮಗಳ ಬಗ್ಗೆ ಹೇಳುವಾಗ, ಹಾಸಿಗೆಯಿಂದ ಏಳದಿರುವುದೂ ಇದೇ ಕಾಯಿಲೆಯ ಲಕ್ಷಣ ಅಂತ ಡಾಕ್ಟರು ಹೇಳಿದ್ದನ್ನು ಹೇಳಿದರು. ಧ್ವನಿ, ಸಂಶಯ ಇವು ಗುಳಿಗೆಗೆ ಬೇಗ ಬಗ್ಗುತ್ತವೆ, ಈ ಉತ್ಸಾಹ ಇಲ್ಲದಿರುವುದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಬೈದರೆ ಇನ್ನಷ್ಟು ಒಳಗೆ ಹೋಗುತ್ತಾರೆ. ಸಣ್ಣ ಸಣ್ಣ ಕೆಲಸ ಕೊಟ್ಟು, ಮಾಡಿದಷ್ಟಕ್ಕೆ ಒಳ್ಳೆಯ ಮಾತಾಡಿ, ಕಾಯಬೇಕು. ನಾನು ಮನೆಗೆ ಬಂದು ಅಣ್ಣನ ಪಕ್ಕ ಕೂತೆ. ಏನು ಹೇಳಬೇಕೋ ತಿಳಿಯಲಿಲ್ಲ. ಎಷ್ಟು ವರ್ಷ ಒಬ್ಬ ಜಡ್ಡಾದವನನ್ನು ಜಡ್ಡಾಗಿದ್ದಕ್ಕೆ ಬೈದಿದ್ದೇನೆ.

ಮನೆಯವರ ಮಾತಿಗೆ ಇಷ್ಟು ಬೆಲೆ ಇದೆಯಾ ಅಂತ ಕೇಳಬಹುದು. ಇದೆ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಅನ್ನುವವರು 1950-60ರ ದಶಕಗಳಲ್ಲೇ ಇದನ್ನು ಹುಡುಕಲು ಶುರು ಮಾಡಿದರು. ಆಸ್ಪತ್ರೆಯಿಂದ ಮನೆಗೆ ಹೋದ ರೋಗಿಗಳಲ್ಲಿ ಯಾರಿಗೆ ಕಾಯಿಲೆ ಬೇಗ ಮರುಕಳಿಸುತ್ತದೆ ಅಂತ ನೋಡಿದರೆ, ಸದಾ ಕೊಂಕು, ಸಿಟ್ಟು, ಇಲ್ಲಾ ಉಸಿರುಕಟ್ಟುವಷ್ಟು ಅತಿ ಕಾಳಜಿ ಇರುವ ಮನೆಗಳಲ್ಲಿ ಜಾಸ್ತಿ. ಚಂಡೀಗಢದಲ್ಲೂ ಇದನ್ನು ಅಳೆದರು. ಅಂಥ ಮನೆಗಳು ಅಲ್ಲಿ ಲಂಡನ್ನಿಗಿಂತ ಕಡಿಮೆ ಅಂತ ಬಂತು. ಇದರರ್ಥ ಮನೆಯವರಿಂದ ಕಾಯಿಲೆ ಬಂತು ಅಂತಲ್ಲ, ಇದನ್ನು ದಯವಿಟ್ಟು ತಪ್ಪು ತಿಳಿಯಬೇಡಿ. ಹಿಂದೆ, 1940ರ ದಶಕದಲ್ಲಿ, ತಾಯಿಯ ಸ್ವಭಾವದಿಂದಲೇ ಈ ಕಾಯಿಲೆ ಬರುತ್ತದೆ ಅನ್ನುವ ವಾದ ಅಮೆರಿಕದಲ್ಲಿ ಇತ್ತು, ಅದು ಯಾವತ್ತೋ ಬಿದ್ದುಹೋಯಿತು. ಆದರೂ ನಮ್ಮ ಅವ್ವ ಬಸುರಿದ್ದಾಗ ಗ್ರಹಣದಲ್ಲಿ ಹೊರಗೆ ಹೋಗಿದ್ದೆ, ಅದಕ್ಕೇ ಹಿಂಗಾತು ಅಂತ ಹದಿನೇಳು ವರ್ಷ ಒಳಗೊಳಗೇ ಸುಟ್ಟುಕೊಂಡಿದ್ದಾಳೆ. ನನಗೇ ಹೇಳಿರಲಿಲ್ಲ.

ಇನ್ನೊಂದು ಸಂಗತಿ. ಒಂದು ಸಲ ಅಣ್ಣ ಕೂತಲ್ಲಿ ಕೂರುತ್ತಿರಲಿಲ್ಲ. ಪಡಸಾಲೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆಯುವುದೇ ನಡೆಯುವುದು. ಜಡ್ಡು ತಿರುಗಿ ಬಂತು ಅಂತ ಹೆದರಿ ನಾವು ಧಾರವಾಡಕ್ಕೆ ಗಾಡಿ ಗೊತ್ತು ಮಾಡಿದ್ದೆವು. ತೇರದಾಳದ ಆಯಿಗೆ ಫೋನ್ ಮಾಡಿದರೆ, "ಹೊಸಾ ಗುಳಿಗಿ ಕೊಟ್ಟಾರೇನು? ಕಾಲ ಒಂದ ಕಡೆ ನಿಂದ್ರವಲ್ವು ಅಂದ್ರ ಅದು ಗುಳಿಗಿದು, ಜಡ್ಡಿಂದಲ್ಲ. ನೀ ಬಿಡಿಸಬ್ಯಾಡ, ಡಾಕ್ಟರಿಗೆ ಹೇಳು" ಅಂದಳು. ಡಾಕ್ಟರು ಪ್ರಮಾಣ ಇಳಿಸಿದರು, ನಾಲ್ಕೈದು ದಿನದಲ್ಲಿ ನಡಿಗೆ ನಿಂತಿತು. ಆಯಿಗೆ ಓದು ಬರಹ ಬರುವುದಿಲ್ಲ.

ಗುಳಿಗೆಯನ್ನು ಸಾರಿನಲ್ಲಿ, ಚಹಾದಲ್ಲಿ ಕಲಸಿ ಕೊಡುವ ವಿಷಯ ಬಂದ ದಿನ ಬಹಳ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ನೋಡಿದರೆ ಅರ್ಧಕ್ಕರ್ಧ ಜನ ಮಾಡಿದ್ದರು. ಬೇರೆ ದಾರಿ ಇಲ್ಲ ಅಂತಲೇ ಮಾಡಿದ್ದು, ಪ್ರೀತಿಯಿಂದಲೇ ಮಾಡಿದ್ದು. ಆದರೆ ಒಬ್ಬಾಕೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಮಗ ಸಾರಿನಲ್ಲಿ ಕಹಿ ಗುರುತಿಸಿದ, ಅವತ್ತಿನಿಂದ ಅವಳು ಮಾಡಿದ ಅಡುಗೆ ಮುಟ್ಟಲಿಲ್ಲ, ಮೊದಲೇ ಯಾರೋ ವಿಷ ಹಾಕ್ತಾರೆ ಅಂತ ಸಂಶಯ ಇದ್ದವನಿಗೆ ಅವ್ವನೇ ಸಾಕ್ಷಿ ಒದಗಿಸಿದಂತಾಯಿತು. ತಿಂಗಳಿಗೊಮ್ಮೆ ಕೊಡುವ ಸೂಜಿಯೂ ಇದೆ, ಅದರ ಬಗ್ಗೆ ಡಾಕ್ಟರನ್ನು ಕೇಳಬಹುದು ಅಂತ ಅವಳಿಗೆ ಗೊತ್ತಾಗಿದ್ದು ಈ ಗುಂಪಿನಲ್ಲಿ.

ಮತ್ತೆ ಲಗ್ನ. ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಮಹಾಲಿಂಗಪುರ ಕಡೆಯಿಂದ ಒಬ್ಬ ಹುಡುಗಿ ಬರುತ್ತಾಳೆ, ಗಂಡನಿಗೆ ಕಾಯಿಲೆ. "ನನಗ ಯಾರೂ ಹೇಳಿರಲಿಲ್ರಿ. ಲಗ್ನ ಆಗಿ ಹದಿನೈದ ದಿನಕ್ಕ ಟ್ರಂಕಿನ್ಯಾಗ ಗುಳಿಗಿ ಸಿಕ್ವು" ಅಂದಳು. ಅಳಲಿಲ್ಲ, ಬಸ್ಸಿನ ಟೈಮ್ ಹೇಳಿದಷ್ಟು ಸಪ್ಪಗೆ ಹೇಳಿದಳು. ಆಗ ಎಲ್ಲರಿಗಿಂತ ಮೊದಲು ಮಾತಾಡಿದ್ದು ತೇರದಾಳದ ಆಯಿ. "ನಾನೂ ಒಬ್ಬಾಕಿಗೆ ಹಿಂಗ ಮಾಡೇನವ್ವಾ. ಲಗ್ನ ಮಾಡಿದ್ರ ನೆಟ್ಟಗಾಗ್ತಾನ ಅಂದ್ರು ಎಲ್ಲಾರೂ. ನಂಬಿದ್ನಿ." ಅವಳ ಸೊಸೆ ಎರಡು ವರ್ಷ ಇದ್ದು ತವರಿಗೆ ಹೋದವಳು ತಿರುಗಿ ಬಂದಿಲ್ಲವಂತೆ. ನಮ್ಮೆಲ್ಲರ ಕೈಹಿಡಿದು ದಾರಿ ತೋರಿಸಿದ ಆಯಿ ಅವಳು. ಯಾರಿಗೂ ಏನೂ ಹೇಳಲು ತೋಚಲಿಲ್ಲ. ಹುಡುಗಿ ಆಯಿಯನ್ನು ಬಹಳ ಹೊತ್ತು ನೋಡಿದಳು. ಮುಂದಿನ ತಿಂಗಳು ಬರುವುದಿಲ್ಲ ಅಂದುಕೊಂಡೆ, ಬಂದಳು, ಆಯಿಯಿಂದ ದೂರ ಕೂತಳು. ಅದರ ಮುಂದಿನ ತಿಂಗಳೂ ಬಂದಳು. ಆಯಿ ಸೊಸೆಗೆ ಫೋನ್ ಮಾಡಿದ್ದಳಂತೆ, ಆಕಡೆಯಿಂದ ಎತ್ತಲಿಲ್ಲವಂತೆ. ಲಗ್ನದಿಂದ ಈ ಕಾಯಿಲೆ ವಾಸಿಯಾಗುವುದಿಲ್ಲ. ಹೆಣ್ಣಿನ ಕಡೆಯವರಿಗೆ ಮುಚ್ಚಿಟ್ಟು ಮಾಡುವುದು ಅನ್ಯಾಯ, ಅದಕ್ಕೆ ಬೇರೆ ಹೆಸರಿಲ್ಲ. ಇದನ್ನು ಡಾಕ್ಟರು ಹೇಳಿದರೆ ತಲೆಯಾಡಿಸಿ ಬರುತ್ತೇವೆ. ಆಯಿ ಹೇಳಿದ ಮೇಲೆ ಗುಂಪಿನ ಒಂದು ಮನೆಯಲ್ಲಿ ನಡೆದಿದ್ದ ಮಾತುಕತೆ ನಿಂತಿತು.

ಅದೇ ಹುಡುಗಿ ಡಾಕ್ಟರನ್ನು ಕೇಳಿದ ಒಂದು ಪ್ರಶ್ನೆಯ ಉತ್ತರ ಎಲ್ಲರಿಗೂ ಬೇಕಿತ್ತು. ಮಕ್ಕಳಿಗೆ ಬರುತ್ತದಾ? ತಂದೆಗೋ ತಾಯಿಗೋ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಹತ್ತರ ಆಸುಪಾಸು. ಉಳಿದ ತೊಂಬತ್ತು ಮಕ್ಕಳಿಗೆ ಬರುವುದಿಲ್ಲ.

ಇದೆಲ್ಲ ಹೊಸದೇನಲ್ಲ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ್ ಅನ್ನುವವರು 1950ರ ದಶಕದಲ್ಲೇ ಆವರಣದಲ್ಲಿ ಡೇರೆ ಹೊಡೆಸಿ, ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಸಿಬ್ಬಂದಿ ಸಾಲದ ಕಾಲ ಅದು. ಮನೆಯವರು ಅಲ್ಲೇ ಇದ್ದು, ನೋಡಿ ಕಲಿತು, ತಮ್ಮವರನ್ನು ಮನೆಗೆ ಕರಕೊಂಡು ಹೋದರು. ವೆಲ್ಲೂರಿನಲ್ಲೂ ಹಾಗೇ ಮನೆಯವರನ್ನು ಜೊತೆಗಿರಿಸಿಕೊಂಡು ನೋಡಿದರು. ಅಮೆರಿಕದಲ್ಲಿ ಈಗ ದೇಶದ ತುಂಬ ಹರಡಿರುವ ನಾಮಿ ಅನ್ನುವ ಮನೆಯವರ ಸಂಘಟನೆ 1979ರಲ್ಲಿ ಹುಟ್ಟಿತು, ಅದರ ಬೇರು ಹುಡುಕಿದರೆ ಮ್ಯಾಡಿಸನ್ ಅನ್ನುವ ಊರಿನಲ್ಲಿ ಇಬ್ಬರು ತಾಯಂದಿರು ಊಟಕ್ಕೆ ಕೂತು ತಮ್ಮ ಗಂಡುಮಕ್ಕಳ ಕಾಯಿಲೆ ಮಾತಾಡಿದ್ದು. ಬೆಂಗಳೂರಿನಲ್ಲೂ ಮನೆಯವರೇ ಕಟ್ಟಿಕೊಂಡ ಅಮೆಂಡ್ ಅನ್ನುವ ಸಂಸ್ಥೆ ಇದೆ. ಒಳ್ಳೆಯದೇ. ಆದರೆ ಬನಹಟ್ಟಿಯ ಕೂಲಿ ನೇಕಾರ ಒಂದು ದಿನದ ಪಗಾರ ಬಿಟ್ಟು ಬೆಂಗಳೂರಿಗೆ ಹೋಗಲು ಆಗುತ್ತದಾ? ಸೀರೆ ಇಳಿಸಿದಷ್ಟಕ್ಕೇ ದುಡ್ಡು ಅವನಿಗೆ. ಗುಳಿಗೆಗೆ ಅಂತ ಬರುವ ಆ ಒಂದು ದಿನ ಹೇಗೂ ಕಳೆಯುತ್ತದೆ. ಗುಂಪೂ ಅವತ್ತೇ ಆಗಬೇಕು.

ಗಿಡದ ಕೆಳಗೆ ನಾವು ಕೂಡುವುದಕ್ಕೆ ತಕರಾರೂ ಬಂತು. ಇಲ್ಲಿ ಮೀಟಿಂಗ್ ಮಾಡಬೇಡಿ, ಪರವಾನಗಿ ತನ್ನಿ ಅಂದರು. ಯಾರ ಪರವಾನಗಿ ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ. ಮಳೆ ಬಂದಾಗ ಮೂರು ತಿಂಗಳು ಗುಂಪು ಕೂಡಲೇ ಇಲ್ಲ. ಕೊನೆಗೆ ಒಬ್ಬ ನರ್ಸ್ ಬಾಯಾರು, ಲಸಿಕೆ ಹಾಕುವುದು ಗುರುವಾರ, ಮಂಗಳವಾರ ಆ ರೂಮು ಖಾಲಿ ಇರುತ್ತದೆ ಅಂತ ಬೀಗ ತೆಗೆಸಿ ಕೊಟ್ಟರು. ಅವರ ಹೆಸರು ಬರೆಯುವ ಆಸೆ ಇದೆ, ಅವರೇ ಬೇಡ ಅಂದಿದ್ದಾರೆ.

ನಮ್ಮ ಕಡೆ ಸಂಘಗಳಿಗೆ ಬರವಿಲ್ಲ ಅಲ್ವಾ? ಸ್ತ್ರೀಶಕ್ತಿ ಸಂಘ ಇದೆ, ಭಜನಾ ಮಂಡಳಿ ಇದೆ, ಓಣಿಗೊಂದು ಭಿಶಿ, ಅಂದರೆ ಚೀಟಿ ಹಣದ ಗುಂಪು, ಇದೆ. ಸಾಲದ ವಿಷಯ ಹತ್ತು ಜನರ ಮುಂದೆ ಮಾತಾಡುತ್ತೇವೆ. ಈ ಒಂದು ವಿಷಯ ಮಾತ್ರ ಬಾಯಿಗೆ ಬರುವುದಿಲ್ಲ, ಯಾಕಂದರೆ ಮನೆಯಲ್ಲಿ ತಂಗಿ ಇರುತ್ತಾಳೆ, ನಾಳೆ ಅವಳ ಸಂಬಂಧ ತಪ್ಪುತ್ತದೆ. ಆ ಹೆದರಿಕೆ ಸುಳ್ಳಲ್ಲ. ನಾನು ಅದನ್ನು ಸಣ್ಣದು ಮಾಡಿ ಮಾತಾಡುವುದಿಲ್ಲ. ಅದಕ್ಕೇ ನಮ್ಮ ಗುಂಪಿನಲ್ಲಿ ಊರಿನ ಹೆಸರು ಹೇಳಿದರೆ ಸಾಕು, ಮನೆತನ ಕೇಳುವಂತಿಲ್ಲ. ಫೋಟೋ ತೆಗೆಯುವಂತಿಲ್ಲ. ಒಬ್ಬರ ಗುಳಿಗೆಯನ್ನು ಇನ್ನೊಬ್ಬರಿಗೆ ತಗೊಳ್ಳಿ ಅಂತ ಹೇಳುವಂತಿಲ್ಲ, ಬಿಡಿಸುವ ಮಾತು ಆಡುವಂತಿಲ್ಲ. ಒಬ್ಬ ಯಾವುದೋ ಬೇರಿನ ಪುಡಿ ಮಾರಲು ಬಂದಿದ್ದ, ಕೈಮುಗಿದು ಕಳಿಸಿದೆವು.

2023ರ ಜೂನಿನಲ್ಲಿ ಶಕ್ತಿ ಯೋಜನೆ ಶುರುವಾಗಿ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದ ಮೇಲೆ ನಮ್ಮ ಗುಂಪು ಬೆಳೆಯಿತು, ಇದನ್ನು ಕಣ್ಣಾರೆ ನೋಡಿದ್ದೇನೆ. ಗಂಡಸರು ಇನ್ನೂ ಬರುತ್ತಿಲ್ಲ. ಇಪ್ಪತ್ತು ಜನರಲ್ಲಿ ನಾವು ನಾಲ್ವರು. ಅಪ್ಪಂದಿರು, ಅಣ್ಣತಮ್ಮಂದಿರು ಚಹಾ ಅಂಗಡಿಯಲ್ಲೇ ನಿಂತಿದ್ದಾರೆ. ಮನೆಯಲ್ಲಿ ಬೈಯುವವರು ಜಾಸ್ತಿ ನಾವೇ, ಕಲಿಯಬೇಕಾದವರೂ ನಾವೇ. ಬರ್ರಿ ಒಳಗೆ. ಯಾರೂ ನಿಮ್ಮನ್ನು ತಪ್ಪಿತಸ್ಥರ ಹಾಗೆ ನೋಡುವುದಿಲ್ಲ. ಒಬ್ಬ ತಂದೆ, ಕೆಲಸಕ್ಕೆ ಹೋಗುವಾಗ ಮಗನ ಕಾಲಿಗೆ ಸರಪಳಿ ಹಾಕಿ ಹೋಗುತ್ತೇನೆ, ಇಲ್ಲದಿದ್ದರೆ ಹೈವೇಗೆ ಓಡುತ್ತಾನೆ ಅಂತ ನಮ್ಮ ಮುಂದೆ ಹೇಳಿದ. 2001ರಲ್ಲಿ ತಮಿಳುನಾಡಿನ ಎರವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇರಿಸಿದ್ದ ಒಂದು ಕಡೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದೆ. ಕಾನೂನು ಹೇಳಿ ಸುಮ್ಮನಾಗಿದ್ದರೆ ಆ ತಂದೆ ಮರಳಿ ಬರುತ್ತಿರಲಿಲ್ಲ. ಅವನ ಓಣಿಗೆ ಹತ್ತಿರವಿದ್ದ ಇಬ್ಬರು, ಅವನು ಕೆಲಸಕ್ಕೆ ಹೋದಾಗ ಸರದಿಯಂತೆ ಹುಡುಗನ ಜೊತೆ ಕೂತರು, ಅಷ್ಟರಲ್ಲಿ ಔಷಧ ಬದಲಾಯಿತು. ಈಗ ಸರಪಳಿ ಇಲ್ಲ.

ಗೊತ್ತಿಲ್ಲದವರಿಗೆ ಇನ್ನಷ್ಟು ಹೇಳಿಬಿಡುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಅಂಗವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಪ್ರಮಾಣಪತ್ರ ಆದರೆ ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡಿನ ಮೇಲೆ ಸೌಲಭ್ಯ ಕೇಳಬಹುದು. ಕಾಯಿಲೆ ಇರುವವರು ಚೆನ್ನಾಗಿದ್ದಾಗಲೇ, ಮುಂದೆ ತಮ್ಮ ಪರವಾಗಿ ಯಾರು ನಿರ್ಧಾರ ಮಾಡಬೇಕು ಅಂತ ಬರೆದಿಡಲು 2017ರ ಕಾಯ್ದೆಯಲ್ಲಿ ಅವಕಾಶ ಇದೆ. ಅಣ್ಣ ನನ್ನ ಹೆಸರು ಬರೆದ. ಅಷ್ಟು ಬೈಸಿಕೊಂಡ ಮೇಲೂ. ರಾತ್ರಿ ಹನ್ನೆರಡಕ್ಕೆ ಏನು ಮಾಡಬೇಕೋ ತಿಳಿಯದಿದ್ದರೆ ಟೆಲಿಮಾನಸ್ ಅನ್ನುವ ಸರ್ಕಾರದ ಸಹಾಯವಾಣಿ ಇದೆ, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವವರು ಇದನ್ನು ಓದುತ್ತಿದ್ದರೆ ನನ್ನ ಬೇಡಿಕೆ ಇಷ್ಟೇ. ಒಂದು ಖಾಲಿ ರೂಮು, ಒಂದು ತಾಸು, ಕುಡಿಯಲು ನೀರು. ಹೊಸ ಚೀಟಿ ಮಾಡಿಸುವವರಿಗೆ, "ಆ ರೂಮಿನ್ಯಾಗ ನಿಮ್ಮಂಥವರು ಕುಂತಾರ, ಹೋಗ್ರಿ" ಅಂತ ಹೇಳುವ ಒಬ್ಬರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೇ ಮಾದರಿಯಾಗಿ ಮೊದಲು ನಡೆದದ್ದು ನಮ್ಮ ಬಳ್ಳಾರಿಯಲ್ಲಿ, 1985ರಲ್ಲಿ, ನಿಮ್ಹಾನ್ಸ್‌ನವರು ಮಾಡಿದ್ದು. ಹಳ್ಳಿಯ ಸಾದಾ ದವಾಖಾನೆಯಲ್ಲೇ ಈ ಕಾಯಿಲೆಗಳನ್ನು ನೋಡಬಹುದು ಅಂತ ತೋರಿಸಿಕೊಟ್ಟ ರಾಜ್ಯ ನಮ್ಮದು. ಮನೆಯವರ ಗುಂಪನ್ನೂ ನಾವೇ ಮೊದಲು ಪ್ರತಿ ತಾಲೂಕಿನಲ್ಲಿ ಮಾಡಿ ತೋರಿಸಬಹುದು.

ಅಣ್ಣ ಈಗ ದಿನಕ್ಕೆ ಎರಡು ತಾಸು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಾನೆ. ಕೆಲವು ದಿನ ಅದೂ ಇಲ್ಲ. ಧ್ವನಿ ಪೂರ್ತಿ ಹೋಗಿಲ್ಲ, "ಇವತ್ತು ಸಣ್ಣಗ ಕೇಳಸಾಕತ್ತೇತಿ" ಅಂತ ಅವನೇ ಹೇಳುತ್ತಾನೆ. ನನಗೆ ಕೇಳಿಸುವುದಿಲ್ಲ, ನಿನಗೆ ಅಂಜಿಕೆ ಆಗಾಕತ್ತೇತೇನು ಅಂತ ಕೇಳುತ್ತೇನೆ, ಪಕ್ಕ ಕೂರುತ್ತೇನೆ. ಅವ್ವನಿಗೆ ಎಪ್ಪತ್ತು ದಾಟಿತು. ನನ್ನ ಹಿಂದ ಇವಗ ಯಾರು ಅನ್ನುವುದೊಂದೇ ಅವಳ ಪ್ರಶ್ನೆ. ಹೋದ ತಿಂಗಳು ಮೊದಲ ಸಲ ಗುಂಪಿಗೆ ಬಂದು ಅದನ್ನೇ ಕೇಳಿದಳು, ಅಲ್ಲಿದ್ದ ಆರು ಜನ ತಾಯಂದಿರ ಪ್ರಶ್ನೆಯೂ ಅದೇ ಆಗಿತ್ತು. ಉತ್ತರ ಯಾರ ಹತ್ತಿರವೂ ಇರಲಿಲ್ಲ. ಗ್ರಹಣದ ಮಾತನ್ನೂ ಅವತ್ತೇ ಹೇಳಿದ್ದು.

ನಮ್ಮ ಗುಂಪಿನವರಿಗೆ: ಈ ಸಲ ಪಂಚಮಿ ಮಂಗಳವಾರವೇ ಬಂದಿದೆ, ಡಾಕ್ಟರು ಅದರ ಮುಂದಿನ ಮಂಗಳವಾರ ಬರುತ್ತಾರಂತೆ. ರೂಮಿನ ಕೀಲಿ ಬಾಯಾರ ಹತ್ತಿರ ಇರುತ್ತದೆ. ಗುಳಿಗೆ ಅಲ್ಲಿಯ ತನಕ ಸಾಲುತ್ತದೋ ಇಲ್ಲವೋ ಇವತ್ತೇ ಎಣಿಸಿ ನೋಡಿಕೊಳ್ಳಿ, ಕಡಿಮೆ ಇದ್ದವರು ನನಗೆ ಫೋನ್ ಮಾಡಿ, ಒಟ್ಟಿಗೆ ಹೋಗಿ ಬರೆಸಿಕೊಂಡು ಬರೋಣ. ಅವ್ವ ಎಲ್ಲರಿಗೂ ಉಂಡಿ ಕಟ್ಟಿ ಇಟ್ಟಿರುತ್ತಾಳೆ.